ಗೋಬರ್ ಗ್ಯಾಸ್ ಒಲೆ ಹತ್ತುತ್ತಿಲ್ಲವೇ? ರಾಶಿ ಎಲ್ಲಿ ಬಿದ್ದಿದೆ ನೋಡಿ

ಆರಿದ್ರ ಮಳೆ ಹಿಡಿದು ಎಂಟು ದಿನವಾಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಗೋಬರ್ ಗ್ಯಾಸಿನ ಉರಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಬಂತು. ಪಕ್ಕದ ಮನೆಯ ಭಾವ ಬಂದು ನೋಡಿ, "ಎಂತ ಮಾರಾಯ, ಅದಕ್ಕೆ ಹೊಟ್ಟೆಗೆ ಸಾಲ್ತಿಲ್ಲ. ಇನ್ನೆರಡು ಬುಟ್ಟಿ ಸಗಣಿ ಹಾಕು" ಎಂದ. ಹಾಕಿದೆ. ನಾಲ್ಕನೇ ದಿನ ಬೆಳಗ್ಗೆ ಕಾಫಿಗೆ ಹಾಲಿಡಲು ಹೋದರೆ ಬರ್ನರ್ ಪುಸ್ ಎನ್ನುತ್ತಿದೆ, ಬೆಂಕಿ ಮಾತ್ರ ನಿಲ್ಲುತ್ತಿಲ್ಲ. ಗೇಜ್ ನೋಡಿದರೆ ಒತ್ತಡ ಭರ್ತಿ ಇದೆ!

ಗ್ಯಾಸ್ ಇದೆ, ಉರಿಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬಹಳ ಮನೆಗಳಲ್ಲಿ ಇದೇ ಗೋಳು. ನಾನು ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಕಲಿತ ಕ್ರಿಯಾಮಾರ್ಗಗಳು (ರಾಸಾಯನಿಕ ಕ್ರಿಯೆ ಹಂತ ಹಂತವಾಗಿ ಸಾಗುವ ದಾರಿಗಳು) ಕೊಟ್ಟಿಗೆಯ ಪಕ್ಕದ ಗುಂಡಿಯಲ್ಲಿ ಉಪಯೋಗಕ್ಕೆ ಬರುತ್ತವೆ ಅಂತ ಆಗ ಅಂದುಕೊಂಡಿರಲಿಲ್ಲ. ದೋಷ ಹುಡುಕಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ನಮ್ಮದು ದಿನಕ್ಕೆ 2 ಘನ ಮೀಟರ್ ಗ್ಯಾಸಿನ ದೀನಬಂಧು ಮಾದರಿ, ಅಂದರೆ ನೆಲದೊಳಗೆ ಗುಮ್ಮಟ ಕಟ್ಟಿದ ಗುಂಡಿ. ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಒಂದು ಕಿಲೋ ಹಸಿ ಸಗಣಿಗೆ ಹೆಚ್ಚುಕಮ್ಮಿ 40 ಲೀಟರ್ ಗ್ಯಾಸ್ ಎಂಬುದು ಲೆಕ್ಕ. ತೇಲುವ ಡ್ರಮ್ಮಿನ ಹಳೇ ಮಾದರಿಗೂ ಮುಂದೆ ಹೇಳುವುದೆಲ್ಲ ಅನ್ವಯಿಸುತ್ತದೆ.

ಮೊದಲು ಪೈಪು, ಆಮೇಲೆ ರಸಾಯನಶಾಸ್ತ್ರ

ಗುಂಡಿಯನ್ನು ಬೈಯುವ ಮೊದಲು ಪೈಪ್ ನೋಡಿ. ಗುಂಡಿಯಿಂದ ಬರುವ ಗ್ಯಾಸಿನಲ್ಲಿ ನೀರಾವಿ ಇರುತ್ತದೆ. ಮಳೆಗಾಲದ ತಣ್ಣನೆ ಪೈಪಿನಲ್ಲಿ ಅದು ನೀರಾಗಿ, ಪೈಪ್ ಜೋತುಬಿದ್ದ ಕಡೆ ನಿಲ್ಲುತ್ತದೆ. ಆಗ ಉರಿ ಕುಣಿಯುತ್ತದೆ, ಗುಳುಗುಳು ಸದ್ದು ಬರುತ್ತದೆ. ನೀರು ಬಿಡುವ ಕಾಕ್ ತೆಗೆದಾಗ ನಮ್ಮಲ್ಲಿ ಒಂದು ಲೋಟ ನೀರು ಬಂತು. ಜಾಯಿಂಟುಗಳಿಗೆ ಸೋಪಿನ ನೀರು ಸವರಿದೆ, ಗುಳ್ಳೆ ಏಳಲಿಲ್ಲ. ಸೋರಿಕೆ ಹುಡುಕಲು ಬೆಂಕಿಕಡ್ಡಿ ಗೀರುವವರಿದ್ದಾರೆ. ದಯವಿಟ್ಟು ಬೇಡ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಬೆರೆತರೆ ಸಾಕು, ಭಗ್ ಎನ್ನುತ್ತದೆ.

ನೀರು ತೆಗೆದ ಮೇಲೂ ಒಲೆ ಹತ್ತಲಿಲ್ಲ. ಅಂದರೆ ದೋಷ ಗುಂಡಿಯೊಳಗೇ ಇದೆ.

ಒಳಗೆ ನಡೆಯುವುದೇನು

ಸಗಣಿ ನೇರವಾಗಿ ಗ್ಯಾಸ್ ಆಗುವುದಿಲ್ಲ. ಅಡಿಕೆ ಕೊಯ್ಲಿನ ಹಾಗೆ ಅಂದುಕೊಳ್ಳಿ. ಅಡಿಕೆ ಕೊನೆ (ಗೊನೆ) ಇಳಿಸುವವರು ಒಬ್ಬರು, ಸುಲಿಯುವವರು ಇನ್ನೊಬ್ಬರು, ಬೇಯಿಸುವವರು ಮತ್ತೊಬ್ಬರು, ಕೊನೆಗೆ ಒಣಗಿಸುವವರು. ಸುಲಿಯಲು ಜನ ಬರದಿದ್ದರೆ ಅಂಗಳದಲ್ಲಿ ಕೊನೆಗಳ ರಾಶಿ ಬೀಳುತ್ತದೆ. ಬೇಯಿಸುವ ಹಂಡೆ ತೂತಾದರೆ ಸುಲಿದ ಅಡಿಕೆ ರಾಶಿ ಬೀಳುತ್ತದೆ. ಯಾವ ಕೆಲಸ ನಿಂತಿದೆ ಅಂತ ಯಾರನ್ನೂ ಕೇಳಬೇಕಿಲ್ಲ. ರಾಶಿ ಎಲ್ಲಿದೆ ನೋಡಿದರೆ ಸಾಕು, ಅದರ ಮುಂದಿನ ಹಂತ ನಿಂತಿದೆ.

ಗುಂಡಿಯಲ್ಲೂ ನಾಲ್ಕು ಹಂತ, ನಾಲ್ಕು ಥರದ ಕೆಲಸಗಾರ ಸೂಕ್ಷ್ಮಜೀವಿಗಳು. ಮೊದಲನೆಯವರು ನಾರು, ಪಿಷ್ಟ, ಕೊಬ್ಬು, ಪ್ರೋಟೀನುಗಳನ್ನು ಒಡೆದು ಸಕ್ಕರೆಯಂಥ ಸಣ್ಣ ತುಂಡು ಮಾಡುತ್ತಾರೆ. ಎರಡನೆಯವರು ಅದನ್ನು ಹುಳಿ ಬರಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನೂ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡುಗಳನ್ನೂ ಮಾಡುತ್ತಾರೆ. ಮೂರನೆಯವರು ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಅಸಿಟಿಕ್ ಆಮ್ಲಕ್ಕೆ ಇಳಿಸುತ್ತಾರೆ. ಅಸಿಟಿಕ್ ಆಮ್ಲ ಅಂದರೆ ವಿನೆಗರಿನ ಹುಳಿ, ಗೊತ್ತಲ್ವಾ, ಅದೇ. ನಾಲ್ಕನೆಯವರು ಮೀಥೇನ್ ಮಾಡುವವರು. ಇವರಲ್ಲಿ ಎರಡು ಪಂಗಡ. ಒಂದು ಪಂಗಡ ಅಸಿಟಿಕ್ ಆಮ್ಲವನ್ನು ಸೀಳಿ ಒಂದು ಮೀಥೇನ್, ಒಂದು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಸಾಮಾನ್ಯವಾಗಿ ನಮ್ಮ ಒಲೆಗೆ ಬರುವ ಮೀಥೇನಿನಲ್ಲಿ ನೂರಕ್ಕೆ ಸುಮಾರು 70 ಪಾಲು ಈ ದಾರಿಯದು. ಇನ್ನೊಂದು ಪಂಗಡ ನಾಲ್ಕು ಹೈಡ್ರೋಜನ್ ಅಣು, ಒಂದು ಕಾರ್ಬನ್ ಡೈಆಕ್ಸೈಡ್ ಸೇರಿಸಿ ಒಂದು ಮೀಥೇನ್, ಎರಡು ನೀರು ಮಾಡುತ್ತದೆ.

ಈ ಎರಡನೇ ಪಂಗಡದ ಪಾಲು ಕಡಿಮೆ ಅಂತ ಅಸಡ್ಡೆ ಮಾಡಬೇಡಿ. ಇಡೀ ಗುಂಡಿಯ ಬೀಗದ ಕೈ ಅವರ ಹತ್ತಿರ ಇದೆ. ಯಾಕೆಂದರೆ ಮೂರನೇ ಹಂತದ ಕೆಲಸ ತಾನಾಗಿ ನಡೆಯುವಂಥದ್ದಲ್ಲ. ಪ್ರೊಪಿಯಾನಿಕ್ ಆಮ್ಲವನ್ನು ಅಸಿಟಿಕ್ ಮಾಡಲು, ಪುಸ್ತಕದ ಪ್ರಮಾಣ ಸ್ಥಿತಿಯಲ್ಲಿ, ಪ್ರತಿ ಮೋಲಿಗೆ (ಅಣುಗಳನ್ನು ಎಣಿಸುವ ಅಳತೆ ಅದು) ಸುಮಾರು 76 ಕಿಲೋಜೌಲ್ ಶಕ್ತಿಯನ್ನು ನಾವೇ ಕೊಡಬೇಕು. ಏರು ಗದ್ದೆಗೆ ನೀರು ಹತ್ತಿಸಿದ ಹಾಗೆ. ಹುಟ್ಟಿದ ಹೈಡ್ರೋಜನನ್ನು ಯಾರಾದರೂ ತಕ್ಷಣ ತೆಗೆದು ಖಾಲಿ ಮಾಡುತ್ತಿದ್ದರೆ ಮಾತ್ರ ಆ ಏರು ಇಳಿಜಾರಾಗುತ್ತದೆ. ಹೈಡ್ರೋಜನ್ನಿನ ಒತ್ತಡ ವಾತಾವರಣದ ಒತ್ತಡದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕೆಳಗೇ ಇರಬೇಕು. ಮೇಲೇರಿತೋ, ಮೂರನೆಯವರು ಕೈ ಕಟ್ಟಿ ಕೂರುತ್ತಾರೆ. ಹುಳಿ ರಾಶಿ ಬೀಳುತ್ತದೆ. ಹುಳಿ ಹೆಚ್ಚಾದಂತೆ ಮೀಥೇನ್ ಮಾಡುವವರಿಗೆ ಉಸಿರು ಕಟ್ಟುತ್ತದೆ. ಅವರು ಕುಗ್ಗಿದರೆ ಹೈಡ್ರೋಜನ್ ಇನ್ನೂ ಏರುತ್ತದೆ. ಎರಡನೇ ಹಂತದವರು ಮಾತ್ರ ಇದ್ಯಾವುದರ ಪರಿವೆ ಇಲ್ಲದೆ ಹುಳಿ ಮಾಡುತ್ತಲೇ ಇರುತ್ತಾರೆ. ಅವರ ಸಂತತಿ ಗಂಟೆಗಳಲ್ಲಿ ದುಪ್ಪಟ್ಟಾಗುತ್ತದೆ, ಮೀಥೇನ್ ಮಾಡುವವರಿಗೆ ಅದಕ್ಕೆ ದಿನಗಳೇ ಬೇಕು.

ಇಷ್ಟನ್ನೂ ನಾನು ಅಡುಗೆಮನೆಯಲ್ಲಿ ಕೈ ಬಾಯಿ ತಿರುಗಿಸಿ ವಿವರಿಸಿದೆ. ದೊಡ್ಡಮ್ಮ ಸುಮ್ನೆ ಕೇಳಿಸಿಕೊಂಡು, "ಅಜೀರ್ಣ ಅನ್ನು. ಮತ್ತೆ ನೀ ಇನ್ನೂ ಬಡಿಸಿದ್ಯಲ್ಲ" ಎಂದರು.

ಸುಣ್ಣದ ಪರೀಕ್ಷೆ

ಅಜೀರ್ಣವೋ ಹಸಿವೋ ಹೇಗೆ ತಿಳಿಯುವುದು? ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಎಲೆ ಅಡಿಕೆಯ ಸುಣ್ಣ.

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಹೊರಗಿನಿಂದ 100 ಮಿಲಿ ಲೀಟರಿಗೊಂದು ಗೆರೆ ಎಳೆಯಿರಿ. ಬಾಟಲಿ ತುಂಬ ನೀರು ತುಂಬಿ ಬಕೆಟ್ ನೀರಿನಲ್ಲಿ ಬೋರಲು ಹಿಡಿಯಿರಿ. ಒಲೆಯಿಂದ ಕಳಚಿದ ರಬ್ಬರ್ ಪೈಪಿನ ತುದಿಯನ್ನು ಬಾಯಿಯೊಳಗೆ ತೂರಿಸಿ ಕಾಕ್ ತೆರೆಯಿರಿ. ನೀರು ಕೆಳಗಿಳಿದು ಗ್ಯಾಸ್ ತುಂಬುತ್ತದೆ. ಹತ್ತಿರ ಒಲೆ, ದೀಪ ಏನೂ ಉರಿಯುತ್ತಿರಬಾರದು, ಕಿಟಕಿ ತೆರೆದಿರಲಿ. ನೀರೊಳಗೇ ಮುಚ್ಚಳ ಹಾಕಿ. ಇನ್ನೊಂದು ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಸುಣ್ಣವನ್ನು ನೀರಲ್ಲಿ ಕದಡಿ ಹಾಲಿನಂತೆ ಮಾಡಿಟ್ಟುಕೊಳ್ಳಿ. ತಿಳಿ ಸುಣ್ಣದ ನೀರು ಸಾಲುವುದಿಲ್ಲ, ಅದರಲ್ಲಿ ಕರಗಿರುವ ಸುಣ್ಣ ಲೀಟರಿಗೆ ಎರಡು ಗ್ರಾಂ ಕೂಡ ಇರುವುದಿಲ್ಲ. ಬಾಟಲಿಯನ್ನು ಬೋರಲಾಗಿಯೇ ಸುಣ್ಣದ ಹಾಲಿನೊಳಗೆ ಇಟ್ಟು ಮುಚ್ಚಳ ತೆಗೆದು, ಬಾಯಿ ಮೇಲೇಳದ ಹಾಗೆ ಹತ್ತು ನಿಮಿಷ ಅಲುಗಾಡಿಸಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಸುಣ್ಣ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಮೀಥೇನನ್ನು ಮುಟ್ಟುವುದಿಲ್ಲ. ಹಾಲು ಬಾಟಲಿಯೊಳಗೆ ಏರುತ್ತದೆ. ಒಳ್ಳೆಯ ಗುಂಡಿಯ ಗ್ಯಾಸಿನಲ್ಲಿ ಮೀಥೇನ್ 55ರಿಂದ 65 ಶೇಕಡಾ ಇರುತ್ತದೆ. ಭಾವನ ಮನೆ ಗ್ಯಾಸಿಗೆ ಮಾಡಿದಾಗ 600ರ ಗೆರೆಯ ಹತ್ತಿರ ನಿಂತಿತು. ನಮ್ಮದು ಏರುತ್ತಾ ಏರುತ್ತಾ ಕೊನೆಗೆ ಉಳಿದದ್ದು 380. ಅಂದರೆ ಗೇಜಿನಲ್ಲಿ ಕಾಣುತ್ತಿದ್ದ ಒತ್ತಡದಲ್ಲಿ ಬಹುಪಾಲು ಉರಿಯದ ಗಾಳಿ.

ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅದನ್ನು ಬಣ್ಣದಿಂದ ತೋರಿಸುವ ಪಿಎಚ್ ಕಾಗದಕ್ಕಿಂತ ಇದು ಮೇಲು ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಸಗಣಿ ಬಗ್ಗಡದಲ್ಲಿ ಬೈಕಾರ್ಬನೇಟ್ (ಅಡುಗೆ ಸೋಡಾದಲ್ಲಿರುವುದೂ ಇದೇ) ಕರಗಿರುತ್ತದೆ. ಹುಳಿ ಹುಟ್ಟಿದ ಹಾಗೆ ಅದು ಹುಳಿಯನ್ನು ನುಂಗಿ, ಬದಲಿಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಬೈಕಾರ್ಬನೇಟ್ ಮುಗಿಯುವವರೆಗೆ ಪಿಎಚ್ ಹೆಚ್ಚು ಅಲುಗಾಡುವುದಿಲ್ಲ. ಹಾಗಾಗಿ ಪಿಎಚ್ ಬಿದ್ದಿತು ಅಂದರೆ ಸುದ್ದಿ ಹಳೆಯದು. ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದು ಮೊದಲು ಕಾಣುತ್ತದೆ.

ಆದರೂ ಪಿಎಚ್ ನೋಡಿ. 1ರಿಂದ 14ರವರೆಗಿನ ಅಗ್ಗದ ಕಾಗದದಲ್ಲಿ 6.2ಕ್ಕೂ 7ಕ್ಕೂ ಬಣ್ಣದ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಕಡಿಮೆ ವ್ಯಾಪ್ತಿಯದು ಕೇಳಿ ತನ್ನಿ. ಬಗ್ಗಡ ಹೊರಬೀಳುವ ಹೊರತೊಟ್ಟಿಯ ಮೇಲೆ ನಿಂತ ಮಳೆನೀರಲ್ಲಿ ಅದ್ದಿ ಸಮಾಧಾನಪಡಬೇಡಿ. ಕೋಲಿನಿಂದ ಕಲಕಿ, ಆಳದ್ದು ತೆಗೆದು, ಆಗಲೇ ನೋಡಬೇಕು. ಅರ್ಧ ಗಂಟೆ ಇಟ್ಟರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಸುಳ್ಳು ಹೇಳುತ್ತದೆ. 6.8ರಿಂದ 7.5 ಇದ್ದರೆ ಮೀಥೇನ್ ಮಾಡುವವರು ಆರಾಮ. 6.5ರ ಕೆಳಗೆ ಹೋದರೆ ಅವರಿಗೆ ಕಷ್ಟಕಾಲ. ನಮ್ಮದು 6.2. ವಾಸನೆಯೂ ಸಗಣಿಯದಲ್ಲ. ಕಮಟು ತುಪ್ಪಕ್ಕೆ ಹುಳಿ ಹಿಂಡಿದ ಹಾಗೆ, ಹೊಟ್ಟೆ ತೊಳಸುವಂಥದ್ದು. ಅದು ಬ್ಯುಟಿರಿಕ್ ಆಮ್ಲ. ರಾಶಿ ಸಿಕ್ಕಿತು.

ಯಾವ ರಾಶಿಗೆ ಯಾವ ದೋಷ

ನಿಮ್ಮಲ್ಲಿ ಚಿತ್ರ ಬೇರೆ ಇರಬಹುದು. ಗ್ಯಾಸ್ ಕಡಿಮೆ, ಆದರೆ ಬಂದಷ್ಟು ನೀಲಿಯಾಗಿ ಉರಿಯುತ್ತದೆ, ಸುಣ್ಣದ ಪರೀಕ್ಷೆಯಲ್ಲಿ 600 ಉಳಿಯುತ್ತದೆ, ಬಗ್ಗಡ ಕಪ್ಪಗೆ ವಾಸನೆ ಇಲ್ಲದೆ ಬರುತ್ತದೆ ಅಂದರೆ ಅದು ನಿಜವಾದ ಹಸಿವು. ಎಲ್ಲೂ ರಾಶಿ ಇಲ್ಲ. ಮಲೆನಾಡು ಗಿಡ್ಡ ತಳಿಯ ದನ ನಾಲ್ಕು ಇದ್ದರೂ ಸಗಣಿ ಸಾಲುವುದಿಲ್ಲ, ಅದರಲ್ಲೂ ಮೇಯಲು ಬಿಟ್ಟರೆ ಅರ್ಧ ಸಗಣಿ ಗುಡ್ಡದಲ್ಲೇ. ಆಗ ಭಾವನ ಸಲಹೆ ಸರಿ, ಇನ್ನೊಂದು ಬುಟ್ಟಿ ಹಾಕಿ.

ನೀಲಿ ಉರಿ, ಕಡಿಮೆ ಗ್ಯಾಸ್, ಹುಳಿ ಇಲ್ಲ, ಆದರೆ ಹೊರತೊಟ್ಟಿಗೆ ಹಸಿರು ಹಸಿ ಸಗಣಿಯೇ ಬರುತ್ತಿದೆ ಅಥವಾ ಮೇಲೆ ದಪ್ಪ ಕೆನೆ ಕಟ್ಟಿದೆ ಅಂದರೆ ಮೊದಲನೇ ಹಂತ ನಿಂತಿದೆ. ನಮ್ಮ ಸೊಪ್ಪಿನ ಕೊಟ್ಟಿಗೆಗಳ ದೊಡ್ಡ ತೊಂದರೆ ಇದು. ದನದ ಕಾಲಡಿ ಹಾಸಿದ ಸೊಪ್ಪು, ದರಕು ಸಗಣಿಯ ಜೊತೆ ಒಳಗೆ ಹೋಗುತ್ತದೆ. ಅದರಲ್ಲಿರುವ ಲಿಗ್ನಿನ್, ಅಂದರೆ ಎಲೆ ಕಡ್ಡಿಗೆ ಗಡಸುತನ ಕೊಡುವ ಅಂಶ, ಗಾಳಿಯಿಲ್ಲದ ಕಡೆ ಒಡೆಯುವುದೇ ಇಲ್ಲ ಅನ್ನಬಹುದು. ತೇಲಿ ಹೆಪ್ಪುಗಟ್ಟುತ್ತದೆ. ಕಲಸುವ ತೊಟ್ಟಿಯಲ್ಲೇ ಆರಿಸಿ ತೆಗೆಯಬೇಕು, ಬೇರೆ ದಾರಿ ಇಲ್ಲ.

ಕೋಳಿ ಗೊಬ್ಬರ ಹಾಕುವವರಿಗೆ ಅಮೋನಿಯಾದ ಕಟು ವಾಸನೆ, ಪಿಎಚ್ 8ರ ಮೇಲೆ ಕಾಣಬಹುದು. ಅದನ್ನು ನಿಲ್ಲಿಸಿ, ನೀರು ಜಾಸ್ತಿ ಮಾಡಿ.

ಇನ್ನು ವಿಷ. ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಇದ್ದಕ್ಕಿದ್ದಂತೆ ಕಡಿಮೆ ಆಯಿತು ಅಂದರೆ ಕೊಟ್ಟಿಗೆ ತೊಳೆದ ನೀರಿನ ಜೊತೆ ಏನು ಹೋಯಿತು ಅಂತ ನೆನಪು ಮಾಡಿಕೊಳ್ಳಿ. ಫಿನೈಲ್, ಬ್ಲೀಚಿಂಗ್ ಪೌಡರ್, ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಹಸುವಿನ ಸಗಣಿ. ಅಡಿಕೆ ಸೀಮೆಯಲ್ಲಿ ಇನ್ನೊಂದು ಇದೆ, ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ಮಳೆಗಾಲದಲ್ಲಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಡ್ರಮ್ ತೊಳೆದ ನೀರನ್ನು ಸಗಣಿ ಚರಂಡಿಗೆ ಬಿಟ್ಟರೆ ತಾಮ್ರ ಗುಂಡಿಗೆ ಸೇರುತ್ತದೆ. ಒಂದು ಚೊಂಬು ಹೋದರೆ ಗಾಬರಿ ಬೇಡ. ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಹಿಡಿದು ಕರಗದ ಕಪ್ಪು ಸಲ್ಫೈಡ್ ಮಾಡಿ ತಳಕ್ಕೆ ಕೂರಿಸುತ್ತದೆ. ಅದರ ಕೈಮೀರುವಷ್ಟು ಹೋದರೆ ಮಾತ್ರ ಗಂಡಾಂತರ.

ಬಚ್ಚಲು ಮನೆಯ ನಾಲ್ಕು ಬಾಟಲಿ

ಹುಳಿ ರಾಶಿ ಬಿದ್ದಿದೆ ಸರಿ. ಆದರೆ ಮೀಥೇನ್ ಮಾಡುವವರು ಯಾಕೆ ಹಿಂದೆ ಬಿದ್ದರು? ಚಳಿಗೋ, ಊಟ ಜಾಸ್ತಿಯಾಗಿಯೋ, ವಿಷಕ್ಕೋ? 30ರಿಂದ 38 ಡಿಗ್ರಿ ಅವರಿಗೆ ಹಿತ. 20ರ ಕೆಳಗೆ ಬಹಳ ನಿಧಾನ. ಮಳೆ ಹಿಡಿದ ಮೇಲೆ ನಮ್ಮ ಹೊರತೊಟ್ಟಿಯ ಬಗ್ಗಡ 22 ಡಿಗ್ರಿ ತೋರಿಸುತ್ತಿತ್ತು. ಜೊತೆಗೆ ಮುಚ್ಚಳ ಇಲ್ಲದ ತೊಟ್ಟಿಗಳಿಗೆ ಮಳೆನೀರು. 40 ದಿನ ಒಳಗಿರಬೇಕಾದ ಬಗ್ಗಡ ಬೇಗ ಹೊರಗೆ ಬೀಳುತ್ತದೆ, ಅದರ ಜೊತೆ ನಿಧಾನ ಬೆಳೆಯುವ ಜೀವಿಗಳೂ ತೊಳೆದುಹೋಗುತ್ತವೆ.

ಬಚ್ಚಲು ಮನೆಯ ಹಂಡೆ ಒಲೆಯ ಹಿಂದಿನ ಗೋಡೆ ಸದಾ ಬೆಚ್ಚಗೆ. ಅದರ ಆಚೆ ಬದಿಗೆ, ಬೆಂಕಿಯಿಂದ ದೂರ, ನಾಲ್ಕು ಪ್ಲಾಸ್ಟಿಕ್ ಬಾಟಲಿ ಸಾಲಾಗಿ ಇಟ್ಟೆ. ಒಂದನೆಯದರಲ್ಲಿ ನಮ್ಮ ಬಗ್ಗಡ ಮಾತ್ರ. ಎರಡನೆಯದರಲ್ಲಿ ನಮ್ಮದು ಮತ್ತು ಒಂದು ಚಿಟಿಕೆ ಅಡುಗೆ ಸೋಡಾ. ಮೂರನೆಯದರಲ್ಲಿ ನಮ್ಮದು ಅರ್ಧ, ಭಾವನ ಮನೆಯದು ಅರ್ಧ. ನಾಲ್ಕನೆಯದರಲ್ಲಿ ಭಾವನ ಮನೆಯದು ಮಾತ್ರ. ನಾಲ್ಕಕ್ಕೂ ಒಂದೊಂದು ಚಮಚ ಹಸಿ ಸಗಣಿ. ಬಾಯಿಗೆ ಬಲೂನು.

ಓದುವ ಬಗೆ ಹೀಗೆ. ಒಂದನೆಯದೇ ಚೆನ್ನಾಗಿ ಉಬ್ಬಿದರೆ ಚಳಿಯೊಂದೇ ಕಾರಣ, ಬೆಚ್ಚಗಾದರೆ ಸರಿಹೋಗುತ್ತದೆ. ಎರಡನೆಯದು ಉಬ್ಬಿದರೆ ಕೆಲಸಗಾರರು ಇದ್ದಾರೆ, ಹುಳಿ ತಡೆಯುತ್ತಿದೆ. ಮೂರನೆಯದು ಮಾತ್ರ ಉಬ್ಬಿದರೆ ಕೆಲಸಗಾರರೇ ಸಾಲದು. ನಾಲ್ಕನೆಯದು ಉಬ್ಬಿ, ಮೂರನೆಯದು ಅದರ ಅರ್ಧವೂ ಉಬ್ಬದಿದ್ದರೆ ನಮ್ಮ ಬಗ್ಗಡ ಒಳ್ಳೆಯವರನ್ನೂ ಕೊಲ್ಲುತ್ತಿದೆ ಅಂತ ಅರ್ಥ. ಅದು ವಿಷ.

ಇಲ್ಲಿ ನಾನೇ ಒಂದು ಸಲ ಮೋಸ ಹೋದೆ. ಎರಡನೇ ಬಾಟಲಿಯ ಬಲೂನು ಹತ್ತೇ ನಿಮಿಷದಲ್ಲಿ ನೆಟ್ಟಗೆ ನಿಂತಿತು. ಖುಷಿಯಿಂದ ಎಲ್ಲರನ್ನೂ ಕರೆದೆ. ಸೋಡಾಕ್ಕೆ ಹುಳಿ ಬಿದ್ದರೆ ನೊರೆ ಬರುವುದಿಲ್ಲವೇ, ಅಷ್ಟೇ ಅದು. ಸೋಡಾ ಹಾಕಿ ಒಂದು ಗಂಟೆ ಬಾಯಿ ತೆರೆದಿಟ್ಟು ಆಮೇಲೆ ಬಲೂನು ಕಟ್ಟಬೇಕಿತ್ತು. ಉಬ್ಬಿದ್ದೆಲ್ಲ ಮೀಥೇನ್ ಅಲ್ಲ. ಅನುಮಾನ ಬಂದರೆ ಬಲೂನಿನ ಕುತ್ತಿಗೆ ಹಿಚುಕಿ ತೆಗೆದು, ಗಾಳಿ ಬಿಡದೆ ಎರಡು ಚಮಚ ಸುಣ್ಣದ ಹಾಲು ಸೇರಿಸಿ ಕುಲುಕಿ. ಸೊರಗಿ ಹೋದರೆ ಅದು ಕಾರ್ಬನ್ ಡೈಆಕ್ಸೈಡ್.

ಆರನೇ ದಿನಕ್ಕೆ ಚಿತ್ರ ಸ್ಪಷ್ಟವಾಯಿತು. ಒಂದನೆಯದು ಬಾಗಿ ಮಲಗಿತ್ತು. ಎರಡನೆಯದು ನಿಂಬೆಹಣ್ಣಿನಷ್ಟು. ಮೂರನೆಯದು ಮತ್ತು ನಾಲ್ಕನೆಯದು ಹೆಚ್ಚುಕಮ್ಮಿ ಸಮ, ಮೂಸಂಬಿ ಗಾತ್ರ. ವಿಷ ಅಲ್ಲ. ಹುಳಿ ಜಾಸ್ತಿ, ಕೆಲಸಗಾರರು ಕಡಿಮೆ.

ಹುಳಿ ಎಲ್ಲಿಂದ? ಕೊಟ್ಟಿಗೆ ಕೆಲಸದವರನ್ನು ಕೇಳಿದಾಗ ಹೊರಬಿತ್ತು. ಹತ್ತು ದಿನದಿಂದ ಉದುರಿದ ಹಲಸಿನ ಹಣ್ಣುಗಳನ್ನು, ತೊಳೆ ಬಿಡಿಸಿ ಉಳಿದ ಸಿಪ್ಪೆಯನ್ನು ಕಲಸುವ ತೊಟ್ಟಿಗೇ ಹಾಕುತ್ತಿದ್ದರಂತೆ. ಹಾಳಾಗುವುದು ಯಾಕೆ, ಗ್ಯಾಸ್ ಆದರೂ ಆಗಲಿ ಅಂತ. ತಪ್ಪೇನಲ್ಲ, ಸ್ವಲ್ಪವಾದರೆ ಒಳ್ಳೆಯದೇ. ಆದರೆ ಹಣ್ಣಿನಲ್ಲಿರುವುದು ಸಿದ್ಧ ಸಕ್ಕರೆ. ಸಗಣಿಯಲ್ಲಿ ನಾರು ಒಡೆಯುವ ಮೊದಲ ಹಂತವೇ ನಿಧಾನ, ಅದರಿಂದ ಮುಂದಿನವರಿಗೆ ಬಿಡುವು ಸಿಗುತ್ತದೆ. ಸಕ್ಕರೆಗೆ ಆ ಹಂತವೇ ಬೇಡ. ನೇರ ಹುಳಿ. ಚಳಿಯಲ್ಲಿ ಮೊದಲೇ ನಿಧಾನವಾಗಿದ್ದ ಕೊನೆಯ ಹಂತದ ಮೇಲೆ ಹಲಸು, ಅದರ ಮೇಲೆ ನನ್ನ ಎರಡು ಬುಟ್ಟಿ.

ಸರಿ ಮಾಡಿದ್ದು

ಗುಂಡಿಗೆ ಊಟ ನಿಲ್ಲಿಸಿದೆ. ಹನ್ನೆರಡು ದಿನ ಏನೂ ಹಾಕಲಿಲ್ಲ. ಇದೇ ಮುಖ್ಯ ಮದ್ದು, ಉಳಿದದ್ದೆಲ್ಲ ಪಥ್ಯ. ಅಡುಗೆ ಸೋಡಾ ದಿನಕ್ಕೆ ಅರ್ಧ ಕಿಲೋದಂತೆ ನಾಲ್ಕು ದಿನ ನೀರಲ್ಲಿ ಕರಗಿಸಿ ಬಿಟ್ಟೆ. ಸುಣ್ಣ ಅಗ್ಗ, ಆದರೆ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಕೈ ಸ್ವಲ್ಪ ಜಾರಿದರೂ ಪಿಎಚ್ ಮೇಲೆ ಹಾರುತ್ತದೆ, ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಗಟ್ಟಿ ಕಲ್ಲಾಗಿ ತಳದಲ್ಲಿ ಕೂರುತ್ತದೆ. ಹಾಕಲೇಬೇಕಾದರೆ ತೆಳ್ಳಗೆ ಕದಡಿ, ಸ್ವಲ್ಪ ಸ್ವಲ್ಪವೇ, 6.8 ಮುಟ್ಟಿದ ಕೂಡಲೇ ನಿಲ್ಲಿಸಿ. ಭಾವನ ಮನೆಯಿಂದ ಎಂಟು ಕೊಡ ಬಗ್ಗಡ ತಂದು ಸುರಿದೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ತೊಟ್ಟಿಗಳ ಮೇಲೆ ತಗಡು ಮುಚ್ಚಿದೆ. ಗುಂಡಿಯಲ್ಲಿ ತುಂಬಿದ್ದ ಕೆಟ್ಟ ಗ್ಯಾಸನ್ನು ಹೊರಗೆ, ಗಾಳಿ ಆಡುವ ಕಡೆ, ಬೆಂಕಿಯಿಲ್ಲದಲ್ಲಿ ಬಿಟ್ಟೆ.

ಒಂಬತ್ತನೇ ದಿನ ಒಲೆ ಹತ್ತಿತು. ನೆಟ್ಟಗೆ ನಿಲ್ಲದ, ಬರ್ನರಿನಿಂದ ಎದ್ದೆದ್ದು ಹಾರುವ ಉರಿ. ಸುಣ್ಣದ ಪರೀಕ್ಷೆಯಲ್ಲಿ 480. ಹನ್ನೆರಡಕ್ಕೆ 540, ಪಿಎಚ್ 6.9. ಆಗ 10 ಕಿಲೋ ಸಗಣಿಯಿಂದ ಶುರು ಮಾಡಿ, ನಾಲ್ಕು ದಿನಕ್ಕೊಮ್ಮೆ 10 ಏರಿಸಿದೆ. ಸಗಣಿ ಕಲಸಲು ಹಂಡೆಯ ಉಗುರುಬೆಚ್ಚಗಿನ ನೀರು. ಕುದಿಯುವ ನೀರು ಬೇಡ, ಸತ್ತೇ ಹೋಗುತ್ತವೆ. ಏರಿಸುವ ಮುನ್ನ ಪ್ರತಿಸಲ ಬಾಟಲಿ ಪರೀಕ್ಷೆ. ಹಿಂದಿನ ಸಲಕ್ಕಿಂತ ಇಳಿದಿದ್ದರೆ ಆ ಸಲ ಏರಿಸುವುದಿಲ್ಲ.

ಏನೇ ಮಾಡಿ, ಗುಂಡಿಯ ಮುಚ್ಚಳ ತೆಗೆದು ಒಳಗೆ ಇಳಿಯಬೇಡಿ, ಬಗ್ಗಿ ನೋಡಲೂ ಬೇಡಿ. ಆಮ್ಲಜನಕ ಇರುವುದಿಲ್ಲ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು) ಮುಟ್ಟಿದರೆ ಮೂಗೇ ಮರಗಟ್ಟುತ್ತದೆ. ವಾಸನೆ ನಿಂತಿತು, ಗಾಳಿ ಶುದ್ಧವಾಯಿತು ಅಂದುಕೊಂಡು ಇಳಿದವರು ಮೇಲೆ ಬರುವುದಿಲ್ಲ. ಮೇಲೆ ಬಾರದವರನ್ನು ಎತ್ತಲು ಇಳಿದವರೂ ಅಷ್ಟೇ.

ಹಲಸಿನ ಸಿಪ್ಪೆ ಈಗ ದಿನಕ್ಕೆ ಒಂದು ಸಣ್ಣ ಬುಟ್ಟಿ ಮಾತ್ರ, ಕೊಚ್ಚಿ, ಅದೂ ಬಿಸಿಲಿದ್ದ ದಿನ. ಉಳಿದದ್ದು ದನಕ್ಕೆ. ಬಚ್ಚಲು ಗೋಡೆಯ ಹಿಂದಿನ ನಾಲ್ಕು ಬಾಟಲಿಗಳನ್ನು ದೊಡ್ಡಮ್ಮ ಇನ್ನೂ ತೆಗೆಯಲು ಬಿಟ್ಟಿಲ್ಲ. ಪುಷ್ಯ ಮಳೆ ಮುಗಿಯಲಿ, ಆಮೇಲೆ ನೋಡುವ ಅಂತಾರೆ.